ಕೆಂಡದ ಮೇಲೆ ಅಂಗೈ

ಅಜ್ಜಿ ಅಕ್ಕಿ ರೊಟ್ಟಿಯನ್ನು ಕಾವಲಿಯ ಮೇಲೆ ಪೂರ್ತಿ ಬೇಯಿಸುತ್ತಿರಲಿಲ್ಲ. ಎರಡೂ ಮಗ್ಗುಲು ತುಸು ಒಣಗಿ ಬೆಳ್ಳಗಾದರೆ ಸಾಕು, ಎತ್ತಿ ಒಲೆಯ ಬಾಯಿಗೆ ಎಳೆದು ಹರಡಿದ ಕೆಂಡದ ಎದುರು ಒರಗಿಸಿಬಿಡುತ್ತಿದ್ದರು. ಮೊದಲು ಅಂಚಿನ ಹತ್ತಿರ ಒಂದು ಗುಳ್ಳೆ ಏಳುತ್ತಿತ್ತು. ಅದು ಪಕ್ಕದ ಗುಳ್ಳೆಯ ಜೊತೆ ಸೇರಿ, ನೋಡನೋಡುತ್ತಿದ್ದಂತೆ ಇಡೀ ರೊಟ್ಟಿ ಎರಡು ಪದರವಾಗಿ ಉಬ್ಬಿ ನಿಲ್ಲುತ್ತಿತ್ತು. ಆಮೇಲೆ ಎಲ್ಲೋ ಒಂದು ಸಣ್ಣ ತೂತಿನಿಂದ ಉಸ್ಸೆಂದು ಆವಿ ಬಿಟ್ಟು ಮೆತ್ತಗೆ ಕುಸಿಯುತ್ತಿತ್ತು. ಹತ್ತು ಎಣಿಸುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಮೈಮೇಲೆ ಅಲ್ಲಲ್ಲಿ ಕಂದು ಚುಕ್ಕೆ, ಒಂದೆರಡು ಕಡೆ ಅಂಟಿದ ಬೂದಿ. ಬೂದಿಯನ್ನು ಅಂಗೈಯಿಂದ ತಟ್ಟಿ ಉದುರಿಸಿ ನಮ್ಮ ತಟ್ಟೆಗೆ ಹಾಕುತ್ತಿದ್ದರು.

ಕೊಡಗಿನ ಮಾದಾಪುರದ ಕಡೆಯ ನಮ್ಮ ಹಳೆಯ ಮನೆಯ ಆ ಒಲೆ ಈಗಿಲ್ಲ. ಆದರೆ ಹೈಸ್ಕೂಲು ಮಕ್ಕಳಿಗೆ ಉಷ್ಣದ ಪಾಠ ಮಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಅದೇ ಒಲೆ. ಒಂದೇ ಬೆಂಕಿ ಅಲ್ಲಿ ಮೂರು ತರಹ ದುಡಿಯುತ್ತಿತ್ತು. ಕಾವಲಿಯ ಕಬ್ಬಿಣದ ಮೂಲಕ ರೊಟ್ಟಿಗೆ ಕಾವು ಹೋಗುವುದು ಉಷ್ಣವಹನ. ಕೆಂಡದ ಎದುರು ಒರಗಿಸಿದ ರೊಟ್ಟಿಗೆ ಯಾವುದನ್ನೂ ಮುಟ್ಟದೆ ನೇರವಾಗಿ ಬಂದು ಬಡಿಯುವುದು ವಿಕಿರಣ. ಮೇಲೆ ಅಟ್ಟದ ಕೆಳಗೆ, ಮಳೆಗಾಲವೆಲ್ಲ ಉಪ್ಪು ಅರಿಸಿನ ಹಚ್ಚಿ ತಂತಿಗೆ ಪೋಣಿಸಿದ ಹಂದಿ ಮಾಂಸ ತೂಗುತ್ತಿತ್ತಲ್ಲ, ಅದನ್ನು ದಿನಗಟ್ಟಲೆ ಒಣಗಿಸುತ್ತಿದ್ದದ್ದು ಹೊಗೆಯ ಜೊತೆ ಏರುವ ಬಿಸಿಗಾಳಿ, ಅಂದರೆ ಸಂವಹನ. ಪುಸ್ತಕದಲ್ಲಿ ಮೂರು ಬೇರೆ ಬೇರೆ ಚಿತ್ರಗಳಲ್ಲಿ ತೋರಿಸುವುದನ್ನು ಅಜ್ಜಿ ಒಂದೇ ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದರು. ಯಾವುದಕ್ಕೆ ಯಾವ ಕಾವು ಬೇಕು ಅನ್ನುವುದರಲ್ಲಿ ಅವರು ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ.

ತಪ್ಪಿದ್ದು ನಾನು. ಹೋದ ಡಿಸೆಂಬರಿನಲ್ಲಿ ತಂಗಿಯ ಮಕ್ಕಳು ಬೆಂಗಳೂರಿನಿಂದ ರಜಕ್ಕೆ ಬಂದಿದ್ದರು. ಇಲ್ಲಿನ ಹೋಮ್‌ಸ್ಟೇಗಳಲ್ಲೆಲ್ಲ ಸಂಜೆಯಾದರೆ ಬಾರ್ಬೆಕ್ಯೂ. ನಮ್ಮ ಮನೆಯಲ್ಲೂ ಮಾಡೋಣ ದೊಡ್ಡಮ್ಮಾ ಎಂದು ಹಟ ಹಿಡಿದರು. ಚಿಕ್ಕಪ್ಪ ಹಳೆಯ ಡ್ರಮ್ ಒಂದನ್ನು ಉದ್ದಕ್ಕೆ ಸೀಳಿಸಿ, ಕಾಲು ವೆಲ್ಡ್ ಮಾಡಿಸಿ, ಮೇಲೊಂದು ಕಂಬಿಯ ಜಾಲರಿ ಹಾಕಿಸಿಕೊಂಡು ಬಂದರು. ಕಾಫಿ ಕಣದ ಮೂಲೆಯಲ್ಲಿ ಅದನ್ನು ನಿಲ್ಲಿಸಿ, ಇದ್ದಿಲು ಸುರಿದು, ಸೀಮೆಎಣ್ಣೆ ಹಾಕಿ ಹೊತ್ತಿಸಿದೆ. ಮೊಣಕಾಲೆತ್ತರ ಉರಿ ಎದ್ದಿತು. ಬೆಂಕಿ ಚೆನ್ನಾಗಿದೆ ಎಂದುಕೊಂಡು ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಕೋಳಿಯ ಕಾಲುಗಳನ್ನು ಸಾಲಾಗಿ ಇಟ್ಟೆ. ಮಸಾಲೆಯ ಎಣ್ಣೆ ತೊಟ್ಟಿಕ್ಕಿದಂತೆಲ್ಲ ಉರಿ ಇನ್ನೂ ಮೇಲೆದ್ದಿತು. ಕಾಲು ಗಂಟೆಯಲ್ಲಿ ಎಲ್ಲ ಕಪ್ಪಾಗಿತ್ತು. ಬೆಂದಿದೆ ಅಂದುಕೊಂಡು ಬಡಿಸಿದೆ. ಚಿಕ್ಕವಳು ಒಂದು ಸಲ ಕಚ್ಚಿ ನನ್ನ ಮುಖ ನೋಡಿದಳು. ಮೂಳೆಯ ಪಕ್ಕದಲ್ಲಿ ಮಾಂಸ ಇನ್ನೂ ಗುಲಾಬಿ ಬಣ್ಣದಲ್ಲಿ, ತಣ್ಣಗೆ, ಹಸಿಯಾಗಿತ್ತು.

ಚಿಕ್ಕಪ್ಪ ಏನೂ ಅನ್ನಲಿಲ್ಲ. ಎಲ್ಲರ ತಟ್ಟೆಯಿಂದ ತುಂಡುಗಳನ್ನು ಎತ್ತಿ ಪಾತ್ರೆಗೆ ಹಾಕಿಕೊಂಡು, ಒಳಗೆ ಹೋಗಿ, ನೀರು ಹಾಕಿ ಕುದಿಯಲು ಇಟ್ಟರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಸಿ ಕೋಳಿ ಮಕ್ಕಳ ಹೊಟ್ಟೆಗೆ ಹೋಗಿಬಿಟ್ಟಿದ್ದರೆ ಎಂಬ ಭಯ ಒಂದು ಕಡೆ. ಇಷ್ಟು ವರ್ಷ ಪಾಠ ಮಾಡಿದ್ದು ನನ್ನ ಕೈಗೆ ಇಳಿದೇ ಇಲ್ಲವಲ್ಲ ಎಂಬ ಕೊರಗು ಇನ್ನೊಂದು ಕಡೆ. ಈ ಬರಹ ಅಲ್ಲಿಂದ ಶುರುವಾದದ್ದು.

ಮೊದಲು ಉರಿ ಮತ್ತು ಕೆಂಡದ ಮಾತು. ಉರಿ ಅಂದರೆ ಉರಿಯುತ್ತಿರುವ ಅನಿಲ. ಅದರ ಹಳದಿ ಬೆಳಕು ಒಳಗೆ ಕಾದು ಹೊಳೆಯುವ ಮಸಿಯ ಕಣಗಳದ್ದು. ಆ ಅನಿಲ ಕೆಂಡಕ್ಕಿಂತ ಬಿಸಿ ಇದ್ದರೂ ಇರಬಹುದು, ಆದರೆ ಅದಕ್ಕೆ ನೆಲೆಯಿಲ್ಲ. ಗಾಳಿ ಬೀಸಿದ ಕಡೆ ವಾಲುತ್ತದೆ, ಒಂದು ತುಂಡನ್ನು ನೆಕ್ಕಿ ಇನ್ನೊಂದನ್ನು ಬಿಡುತ್ತದೆ, ಅರ್ಧ ಉರಿದ ಮಸಿಯನ್ನು ಮಾಂಸಕ್ಕೆ ಮೆತ್ತುತ್ತದೆ. ನಮ್ಮ ಕೋಳಿಯ ಮೇಲಿದ್ದ ಕಪ್ಪಿನಲ್ಲಿ ಹೆಚ್ಚಿನದು ಈ ಮಸಿ ಮತ್ತು ಸುಟ್ಟ ಎಣ್ಣೆ. ಕೆಂಡ ಹಾಗಲ್ಲ. ಅದು ಘನ ವಸ್ತು. ಕಟ್ಟಿಗೆಯಲ್ಲಿದ್ದ ನೀರು, ಉರಿಯುವ ಅನಿಲ ಎಲ್ಲ ಹೊರಟುಹೋಗಿ ಉಳಿದ ಇಂಗಾಲ, ತನ್ನ ಮೈಯೆಲ್ಲ ಒಂದೇ ಸಮನೆ ನಿಗಿನಿಗಿ ಅನ್ನುತ್ತಾ ಎಲ್ಲ ದಿಕ್ಕಿಗೂ ಅವಗೆಂಪು ಕಿರಣ ಬೀರುತ್ತದೆ. ಜಾಲರಿಯ ಮೇಲಿನ ಮಾಂಸಕ್ಕೆ ಮುಟ್ಟುವ ಕಾವಿನ ದೊಡ್ಡ ಪಾಲು ಈ ಕಿರಣಗಳದ್ದು. ಅದಕ್ಕೆ ಹೊತ್ತಿಸಿದ ತಕ್ಷಣ ಅಡುಗೆಗೆ ಇಳಿಯಬಾರದು. ಉರಿ ಇಳಿದು, ಇದ್ದಿಲಿನ ಮೈಮೇಲೆ ತೆಳುವಾಗಿ ಬಿಳಿ ಬೂದಿ ಕೂರುವವರೆಗೆ ಕಾಯಬೇಕು.

ಈ ಕಿರಣಗಳ ಲೆಕ್ಕದಲ್ಲಿ ನನ್ನನ್ನು ಈಗಲೂ ಬೆರಗಾಗಿಸುವ ಒಂದು ಸಂಗತಿಯಿದೆ. ಬಿಸಿಯಾದ ವಸ್ತು ಬೀರುವ ಶಕ್ತಿ ಅದರ ಉಷ್ಣತೆಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಎಂದು ಜೋಸೆಫ್ ಸ್ಟೆಫಾನ್ 1879ರಲ್ಲಿ ಕಂಡುಕೊಂಡರು. ಅವರ ಶಿಷ್ಯ ಲುಡ್ವಿಗ್ ಬೋಲ್ಟ್ಸ್‌ಮನ್ 1884ರಲ್ಲಿ ಅದಕ್ಕೆ ಸಿದ್ಧಾಂತದ ಬುಡ ಕಟ್ಟಿಕೊಟ್ಟರು. ಒಲೆಯ ಮಾತಿನಲ್ಲಿ ಹೇಳುವುದಾದರೆ, ಮಂಕು ಕೆಂಪಿನ ಕೆಂಡ ಸುಮಾರು 700 ಡಿಗ್ರಿ ಸೆಲ್ಸಿಯಸ್ ಇದ್ದೀತು. ಊದುಗೊಳವೆಯಲ್ಲಿ ನಾಲ್ಕು ಸಲ ಊದಿದರೆ ಕಿತ್ತಳೆ ಬಣ್ಣಕ್ಕೆ ತಿರುಗಿ 900 ಮುಟ್ಟುತ್ತದೆ. ಈ ನಿಯಮಕ್ಕೆ ಹಿಡಿಯಬೇಕಾದ ಕೆಲ್ವಿನ್ ಲೆಕ್ಕದಲ್ಲಿ (ಸೆಲ್ಸಿಯಸ್‌ಗೆ 273 ಕೂಡಿಸಿದರೆ ಕೆಲ್ವಿನ್) ಇದು 973ರಿಂದ 1,173, ಅಂದರೆ ಐದನೇ ಒಂದು ಪಾಲು ಮಾತ್ರ ಹೆಚ್ಚು. ಆದರೆ ಅದು ಬೀರುವ ಕಾವು ಎರಡು ಪಟ್ಟು ದಾಟುತ್ತದೆ. ಸ್ವಲ್ಪ ಬೀಸಿದರೆ ಏನಾಗುತ್ತದೆ ಅಂದುಕೊಂಡು ಮೊರದಲ್ಲಿ ಗಾಳಿ ಹಾಕುವವರು, ಹತ್ತಿ ಉರಿಯುತ್ತಿರುವ ಬೆಂಕಿಯ ಪಕ್ಕ ಅಷ್ಟೇ ದೊಡ್ಡ ಇನ್ನೊಂದು ಬೆಂಕಿಯನ್ನು ತಂದಿಟ್ಟ ಹಾಗೆ.

ಬೂದಿ ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ತನ್ನ ಸಂದುಗೊಂದುಗಳಲ್ಲಿ ಗಾಳಿ ತುಂಬಿಕೊಂಡಿರುವುದರಿಂದ ಅದರ ಮೂಲಕ ಕಾವು ಸುಲಭವಾಗಿ ಹಾಯುವುದಿಲ್ಲ. ಒಳಗೆ ಕೆಂಪಗಿದ್ದರೂ ಹೊರಮೈ ತಂಪಾಗಿರುತ್ತದೆ. ಆಮ್ಲಜನಕವೂ ನಿಧಾನವಾಗಿ ಒಳಸೇರುತ್ತದೆ. ಕಾವು ಜಾಸ್ತಿಯಾಯಿತು ಅನ್ನಿಸಿದರೆ ಅಜ್ಜಿ ಕೆಂಡದ ಮೇಲೆ ಒಂದು ಹಿಡಿ ಬೂದಿ ಚೆಲ್ಲುತ್ತಿದ್ದರು. ಕಡಿಮೆಯಾಯಿತು ಅನ್ನಿಸಿದರೆ ಇಕ್ಕಳದಿಂದ ತಟ್ಟಿ ಬೂದಿ ಉದುರಿಸುತ್ತಿದ್ದರು. ಗ್ಯಾಸ್ ಒಲೆಯ ತಿರುಪಿಗೆ ಸಮನಾದದ್ದು ಅವರಿಗೆ ಆ ಬೂದಿ.

ಗ್ಯಾಸಿನ ಮಾತು ಬಂದಾಗ ಇನ್ನೊಂದನ್ನು ಹೇಳಿಬಿಡುತ್ತೇನೆ. ರೊಟ್ಟಿ ಆಗಲಿ ಮಾಂಸ ಆಗಲಿ ಗ್ಯಾಸಿನ ಉರಿಯಲ್ಲಿ ಅದೇ ರುಚಿ ಬರುವುದಿಲ್ಲ ಎಂದು ಹಿರಿಯರು ಹೇಳಿದರೆ ಅದನ್ನು ಬರೀ ಹಳೆಯ ಕಾಲದ ಮೋಹ ಅಂತ ತಳ್ಳಿಹಾಕಬೇಡಿ. ಅಡುಗೆ ಅನಿಲದಲ್ಲಿ ಜಲಜನಕ ತುಂಬ ಇದೆ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಒಳ್ಳೆಯ ಇದ್ದಿಲು ಹೆಚ್ಚೂಕಡಿಮೆ ಬರೀ ಇಂಗಾಲ, ಅದರಿಂದ ಬರುವುದು ಒಣ ಕಾವು. ಮೈ ಬೇಗ ಒಣಗುತ್ತದೆ, ಬೇಗ ಕಂದಾಗುತ್ತದೆ. ಇದರ ಮೇಲೆ, ತೊಟ್ಟಿಕ್ಕಿದ ಕೊಬ್ಬು ಕೆಂಡಕ್ಕೆ ಬಿದ್ದು ಹೊಗೆಯಾಗಿ ಮೇಲೆದ್ದು ಮಾಂಸಕ್ಕೇ ಅಂಟುವ ಪರಿಮಳ ಬೇರೆ. ಬಾರ್ಬೆಕ್ಯೂ ಘಮ ಎಂದು ನಾವು ಕರೆಯುವುದರಲ್ಲಿ ಈ ಕೊಬ್ಬಿನ ಹೊಗೆಯ ಪಾಲು ದೊಡ್ಡದು. ಆದರೆ ಅದೇ ಹೊಗೆಯಲ್ಲಿ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಸಂಯುಕ್ತಗಳೂ ಹುಟ್ಟುತ್ತವೆ. ಕೊಬ್ಬು ಕೆಂಡಕ್ಕೆ ಬಿದ್ದು ಹತ್ತಿಕೊಂಡು ಉರಿಯುತ್ತಿದ್ದರೆ ಅದರ ಮೇಲೆ ಮಾಂಸ ಬಿಡಬಾರದು, ಪಕ್ಕಕ್ಕೆ ಸರಿಸಬೇಕು.

ಈಗ ನೀರಿಗೆ ಬರುತ್ತೇನೆ. ನನ್ನ ಕೋಳಿ ಕೆಟ್ಟದ್ದೇಕೆ ಎಂದು ಯೋಚಿಸುತ್ತಾ ಹೋದರೆ ಕೊನೆಗೆ ಮುಟ್ಟುವುದು ನೀರನ್ನೇ. ಬೆಂಕಿಯ ಅಡುಗೆ ಎಂದು ಹೇಳುತ್ತೇವೆ, ಆದರೆ ಕೆಂಡದ ಮುಂದೆ ನಿಂತವರು ಅಷ್ಟು ಹೊತ್ತೂ ಏಗುವುದು ನೀರಿನ ಜೊತೆ.

ಮನೆಯಲ್ಲಿ ಕೂತು ಒಂದು ಲೆಕ್ಕ ಹಾಕಿದೆ. ಒಂದು ಕೆಜಿ ಕೋಳಿಯನ್ನು 25 ಡಿಗ್ರಿಯಿಂದ 75 ಡಿಗ್ರಿಗೆ ಏರಿಸಬೇಕು. ಮಾಂಸದ ವಿಶಿಷ್ಟೋಷ್ಣ, ಅಂದರೆ ಒಂದು ಕೆಜಿಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಕ್ತಿ, ಹಿಡಿದು ಗುಣಿಸಿದರೆ ಸುಮಾರು 170 ಕಿಲೋಜೂಲ್ ಬೇಕಾಗುತ್ತದೆ. ಒಂದು ಕೆಜಿ ಒಳ್ಳೆಯ ಇದ್ದಿಲಿನಲ್ಲಿ ಸುಮಾರು 30,000 ಕಿಲೋಜೂಲ್ ಶಕ್ತಿಯಿದೆ. ಅಂದರೆ ಒಂದು ಕೆಜಿ ಕೋಳಿ ಬೇಯಲು ಆರು ಗ್ರಾಮ್ ಇದ್ದಿಲು ಸಾಕು, ಒಂದು ಚೂರು. ನಾನು ಅಂದು ಸುರಿದದ್ದು ಒಂದೂವರೆ ಕೆಜಿ. ಲೆಕ್ಕ ತಪ್ಪಿರಬೇಕು ಎಂದು ಎರಡು ಸಲ ಮಾಡಿ ನೋಡಿದೆ. ತಪ್ಪಿರಲಿಲ್ಲ.

ಹಾಗಾದರೆ ಉಳಿದದ್ದೆಲ್ಲ ಎಲ್ಲಿ ಹೋಯಿತು? ಬಹುಪಾಲು ಬಿಸಿಗಾಳಿಯಾಗಿ ಡಿಸೆಂಬರಿನ ಚಳಿಯ ಆಕಾಶಕ್ಕೆ ಹೋಯಿತು. ಡ್ರಮ್ಮಿನ ತಗಡು ಕಾಯಲು ಒಂದಿಷ್ಟು, ಸುತ್ತ ನಿಂತ ನಮ್ಮ ಮೈ ಬೆಚ್ಚಗಾಗಲು ಒಂದಿಷ್ಟು. ಆದರೆ ಮಾಂಸದೊಳಗೆ ಹೊಕ್ಕ ಶಕ್ತಿಯಲ್ಲೂ ದೊಡ್ಡ ಪಾಲು ಬೇಯಿಸಲು ಖರ್ಚಾಗುವುದಿಲ್ಲ. ಒಂದು ಗ್ರಾಮ್ ನೀರು ಕುದಿದು ಆವಿಯಾಗಲು ಸುಮಾರು 2,260 ಜೂಲ್ ಗುಪ್ತೋಷ್ಣ ಬೇಕು. ಒಂದು ಕೆಜಿ ಕೋಳಿಯಿಂದ ಬೇಯುವಾಗ 200 ಗ್ರಾಮ್ ನೀರು ಆವಿಯಾಗಿ ಹೋದರೆ ಅದಕ್ಕೇ 450 ಕಿಲೋಜೂಲ್ ಬೇಕಾಯಿತು. ಬೇಯಲು ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು, ಬರೀ ಒಣಗಲು.

ಈ ಒಣಗುವಿಕೆ ನಡೆಯುತ್ತಿರುವಷ್ಟು ಹೊತ್ತು ಮಾಂಸದ ಹೊರಮೈ ನೀರಿನ ಕುದಿಬಿಂದುವನ್ನು ದಾಟಿ ಮೇಲೇರುವುದಿಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದೇ 96 ಡಿಗ್ರಿಯ ಸುಮಾರಿಗೆ. ಮಾಂಸ ಹೊಂಬಣ್ಣಕ್ಕೆ ತಿರುಗಿ ಆ ಹುರಿದ ಪರಿಮಳ ಬರಬೇಕಾದರೆ ಮೈ 140 ಡಿಗ್ರಿಯ ಹತ್ತಿರ ಹೋಗಬೇಕು. ಸಕ್ಕರೆಯೂ ಪ್ರೋಟೀನಿನ ತುಣುಕುಗಳೂ ಸೇರಿ ಕಂದಾಗುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದರು, ಅವರ ಹೆಸರಲ್ಲೇ ಅದನ್ನು ಕರೆಯುತ್ತಾರೆ. ನೀರು ತೊಟ್ಟಿಕ್ಕುವ ತುಂಡನ್ನು ಕೆಂಡದ ಮೇಲಿಟ್ಟರೆ ಮೊದಲ ಹತ್ತು ನಿಮಿಷ ನಡೆಯುವುದು ಹಬೆಯಲ್ಲಿ ಬೇಯಿಸುವ ಕೆಲಸ, ಸುಡುವುದಲ್ಲ. ಜಾಲರಿಗೆ ಇಡುವ ಮೊದಲು ಮಾಂಸವನ್ನು ಶುದ್ಧ ಬಟ್ಟೆಯಿಂದ ಒತ್ತಿ ಒರೆಸುವುದು ಇದಕ್ಕೇ. ಉಪ್ಪನ್ನು ಅರ್ಧ ಗಂಟೆಗೂ ಮುಂಚೆ ಹಚ್ಚಿಟ್ಟರೆ ಬಿಟ್ಟ ನೀರು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಈಗ ಹಚ್ಚಿ ಐದೇ ನಿಮಿಷಕ್ಕೆ ಇಟ್ಟರೆ ಉಪ್ಪು ಎಳೆದ ನೀರೆಲ್ಲ ಮೈಮೇಲೆ ನಿಂತಿರುತ್ತದೆ.

ಅಜ್ಜಿಯ ರೊಟ್ಟಿಯ ಗುಟ್ಟೂ ಇದೇ ನೀರಿನದ್ದು. ಕಾವಲಿಯ ಮೇಲೆ ಎರಡೂ ಮಗ್ಗುಲು ಒಣಗಿದಾಗ ರೊಟ್ಟಿಗೆ ತೆಳುವಾದ ಚರ್ಮ ಕಟ್ಟುತ್ತದೆ, ನಡುವೆ ಹಿಟ್ಟು ಇನ್ನೂ ಹಸಿಯಾಗಿರುತ್ತದೆ. ಕೆಂಡದ ಎದುರು ಹಿಡಿದಾಗ ಕಾವು ಎಷ್ಟು ರಭಸದಲ್ಲಿ ಬರುತ್ತದೆಂದರೆ ಒಳಗಿನ ನೀರಿಗೆ ನಿಧಾನವಾಗಿ ಸೋರಿಹೋಗಲು ಪುರುಸೊತ್ತಿಲ್ಲ, ಇದ್ದಲ್ಲೇ ಆವಿಯಾಗುತ್ತದೆ. ಒಂದು ಗ್ರಾಮ್ ನೀರು ಆವಿಯಾದರೆ ಒಂದೂವರೆ ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಇಡೀ ರೊಟ್ಟಿ ಉಬ್ಬಲು ಒಂದು ಗ್ರಾಮಿಗೂ ಕಡಿಮೆ ನೀರು ಸಾಕು. ಕಾವಲಿಯಲ್ಲೇ ಹೆಚ್ಚು ಹೊತ್ತು ಬಿಟ್ಟರೆ ಆ ಒಂದು ಗ್ರಾಮ್ ಕೂಡ ಉಳಿಯದೆ ರೊಟ್ಟಿ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಅವಸರ ಮಾಡಿದರೆ ಚರ್ಮ ಕಟ್ಟದೆ ಆವಿ ಸೋರಿಹೋಗುತ್ತದೆ. "ಬೆಳ್ಳಗಾದ ಕೂಡಲೇ ಎತ್ತು, ಕಾಯಬೇಡ" ಎಂದು ಅಮ್ಮನಿಗೆ ಅಜ್ಜಿ ಹೇಳುತ್ತಿದ್ದದ್ದು ಇದನ್ನೇ.

ಹೊರಮೈಯ ಕಥೆ ಇಷ್ಟಾದರೆ ಒಳಗಿನದು ಬೇರೆ. ಮಾಂಸದ ಒಳಕ್ಕೆ ಕಾವು ಹೋಗುವುದು ವಹನದಿಂದ, ತುಂಬ ಸಾವಧಾನವಾಗಿ. ಒಂದು ಸೆಂಟಿಮೀಟರ್ ದಾಟಲು ಸುಮಾರಾಗಿ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ದಪ್ಪ ಎರಡರಷ್ಟಾದರೆ ಬೇಕಾಗುವ ಹೊತ್ತು ಎರಡರಷ್ಟಲ್ಲ, ನಾಲ್ಕರಷ್ಟು. ಕೆಳಗಿನ ಬೆಂಕಿಯನ್ನು ಎರಡು ಪಟ್ಟು ಮಾಡಿದರೂ ಒಳಗಿನ ವೇಗ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ಹೊರಗೆ ಸುಡುತ್ತದೆ ಅಷ್ಟೆ. ಫ್ರಿಜ್ಜಿನಿಂದ ತೆಗೆದ ದಪ್ಪ ಕೋಳಿ ಕಾಲನ್ನು ದೊಡ್ಡ ಉರಿಗೆ ಒಡ್ಡಿದ ನನಗೆ ಸಿಕ್ಕಿದ್ದು ಅದೇ. ಮೂಳೆಯವರೆಗೆ ಎರಡು ಮೂರು ಕಡೆ ಕತ್ತಿಯಿಂದ ಗೀರಿದ್ದರೆ ಕಾವಿನ ದಾರಿ ಅರ್ಧ ಕಡಿಮೆಯಾಗುತ್ತಿತ್ತು.

ಹಂದಿಯದು ಇನ್ನೂ ಬೇರೆ ಪಾಡು. ನಮ್ಮ ಕಡೆ ಹಂದಿಯನ್ನು ತೊಗಲು, ಕೊಬ್ಬು ಸಮೇತ ತುಂಡು ಮಾಡುತ್ತಾರೆ. ತೊಗಲಲ್ಲಿರುವ ಕೊಲಾಜೆನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಕರಗಿ ಮೆತ್ತಗಾಗಲು ಬರೀ ಕಾವು ಸಾಲದು, ಹೊತ್ತೂ ಬೇಕು, ತೇವವೂ ಬೇಕು. ಕೆಂಡದ ಮೇಲೆ ನೇರ ಇಟ್ಟರೆ ಕೊಬ್ಬು ಸುರಿದು ಹತ್ತಿ ಉರಿಯುತ್ತದೆ, ತೊಗಲು ರಬ್ಬರಿನ ಹಾಗೆ ಉಳಿಯುತ್ತದೆ. ಹಂದಿಯಲ್ಲಿ ಲಾಡಿಹುಳುವಿನ ಭಯವೂ ಇರುವುದರಿಂದ ಅರೆಬೆಂದದ್ದು ಆಗದು. ನಾನೀಗ ಮಾಡುವುದು ಹೀಗೆ: ಅರಿಸಿನ, ಉಪ್ಪು, ಕರಿಮೆಣಸು ಹಾಕಿ ಮುಚ್ಚಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಆರಿಸಿ, ಮೈ ಒರೆಸಿ, ಆಮೇಲೆ ಕೆಂಡಕ್ಕೆ. ಆಗ ಕೆಂಡದ ಪಾಲಿಗೆ ಉಳಿಯುವುದು ಹೊರಗೆ ಗರಿಗರಿ ಮಾಡುವ ಕೆಲಸವೊಂದೇ, ಅದನ್ನು ಅದು ಎಲ್ಲಕ್ಕಿಂತ ಚೆನ್ನಾಗಿ ಮಾಡುತ್ತದೆ.

ಕೊಡಗಿನ ಹಂದಿ ಸಾರಿಗೆ ಹಾಕುವ ಗಟ್ಟಿ ಹುಳಿರಸ ಕಾಚಂಪುಳಿಯ ವಿಷಯದಲ್ಲೂ ನಾನು ಕಲಿಯಬೇಕಾಯಿತು. ಹುಳಿ ಜಾಸ್ತಿಯಿದ್ದಲ್ಲಿ ಕಂದಾಗುವ ಕ್ರಿಯೆ ನಿಧಾನವಾಗುತ್ತದೆ. ಕಾಚಂಪುಳಿ ಹಚ್ಚಿ ಇಡೀ ರಾತ್ರಿ ನೆನೆಸಿಟ್ಟರೆ ಹೊರಗಿನ ಪದರ ಹಿಟ್ಟು ಹಿಟ್ಟಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಬಣ್ಣವೇ ಕಡುಕಪ್ಪು. ಹಚ್ಚಿದ ಮಾಂಸ ಜಾಲರಿ ಮುಟ್ಟುವ ಮೊದಲೇ ಬೆಂದ ಹಾಗೆ ಕಾಣುತ್ತದೆ. ಬಣ್ಣ ನೋಡಿ ಬೆಂದಿದೆ ಅನ್ನುವಂತಿಲ್ಲ. ಹಂದಿ ಸಾರಿಗೆ ಕಾಚಂಪುಳಿಯನ್ನು ಕೊನೆಯಲ್ಲಿ ಹಾಕುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಕೆಂಡಕ್ಕೂ ಅದನ್ನೇ ಪಾಲಿಸಿದೆ. ಇಳಿಸಲು ಎರಡು ನಿಮಿಷ ಇರುವಾಗ ಸ್ವಲ್ಪ ಜೇನಿನ ಜೊತೆ ಬೆರೆಸಿ ಸವರಿದರೆ ಸಾಕು.

ಸೌದೆ, ಇದ್ದಿಲಿನ ಮಾತಿಗೆ ಬಂದರೆ ಕೊಡಗಿನಲ್ಲಿ ಹುಟ್ಟಿದ್ದು ಪುಣ್ಯ. ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕ ಹಿಡಿದ ಗಿಡಗಳನ್ನು ಪ್ರತಿ ವರ್ಷ ಕಿತ್ತು ಸುಡಲೇಬೇಕು, ಇಲ್ಲದಿದ್ದರೆ ಹುಳು ಪಕ್ಕದ ಗಿಡಕ್ಕೆ ಹೋಗುತ್ತದೆ. ಕೈಯಾರೆ ಬೆಳೆಸಿದ ಗಿಡ ಕೀಳುವಾಗ ಹೊಟ್ಟೆ ಉರಿಯುತ್ತದೆ, ಆದರೆ ಆ ಬುಡದ ಕೆಂಡಕ್ಕೆ ಸಮ ಇನ್ನೊಂದಿಲ್ಲ. ಕಾಫಿ ಮರ ಗಟ್ಟಿ, ತೂಕದ್ದು, ಕೆಂಡ ಗಂಟೆಗಟ್ಟಲೆ ನಿಲ್ಲುತ್ತದೆ. ಸಿಲ್ವರ್ ಓಕ್ ಹಗುರ. ಭಗ್ಗೆಂದು ಹತ್ತಿ ಬೇಗ ಬೂದಿಯಾಗುತ್ತದೆ, ಹೊತ್ತಿಸಲು ಮಾತ್ರ ಒಳ್ಳೆಯದು. ತೆಂಗಿನ ಚಿಪ್ಪಿನ ಇದ್ದಿಲು ಇವೆರಡಕ್ಕಿಂತ ಬಿಸಿ, ಹೊಗೆಯೂ ಕಡಿಮೆ. ಇನ್ನು ಮಳೆಗಾಲದ ಹಸಿ ಸೌದೆ ಏಕೆ ಹೊಗೆಯುತ್ತದೆ ಅಂದರೆ, ನೀರು ಕಾವನ್ನು ಕದಿಯುತ್ತದೆ ಎಂಬುದು ಅರ್ಧ ಉತ್ತರ. ಕದಿಯುವ ಪಾಲು ಅಷ್ಟು ದೊಡ್ಡದಲ್ಲ. ಆದರೆ ನೀರು ಇರುವಷ್ಟು ಹೊತ್ತು ಬೆಂಕಿ ತಂಪಾಗಿರುತ್ತದೆ, ಕಟ್ಟಿಗೆಯಿಂದ ಬಿಡುಗಡೆಯಾದ ಅನಿಲ ಹತ್ತಿಕೊಳ್ಳುವಷ್ಟು ಬಿಸಿಯಾಗದೆ ಹಾಗೇ ಹೊಗೆಯಾಗಿ ಹೊರಟುಹೋಗುತ್ತದೆ. ಕಣ್ಣು ಉರಿಸುವ ಆ ಹೊಗೆ ನಿಜವಾಗಿ ಉರಿಯಬೇಕಿದ್ದ ಸೌದೆಯೇ. ಅಟ್ಟದ ಮೇಲೆ ವರ್ಷಕ್ಕಾಗುವಷ್ಟು ಸೌದೆ ಪೇರಿಸಿಡುತ್ತಿದ್ದ ಹಳೆಯ ಮನೆಗಳನ್ನು ನೆನೆದಾಗ ಈಗಲೂ ಗೌರವ ಬರುತ್ತದೆ.

ಮಳೆಯ ಜೊತೆಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹೊರಗೆ ಮಳೆ ಹಿಡಿಯಿತೆಂದು ಇದ್ದಿಲಿನ ಒಲೆಯನ್ನು ಕೋಣೆಯೊಳಗೆ ತರಬೇಡಿ. ರಾತ್ರಿ ಚಳಿಯೆಂದು ಬಾಣಲೆಯಲ್ಲಿ ಕೆಂಡ ಹಾಕಿಕೊಂಡು ಕಿಟಕಿ ಮುಚ್ಚಿ ಮಲಗಬೇಡಿ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ತರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಹಿಡಿದುಕೊಂಡು ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಹೊಗೆಯಿಲ್ಲದ ನಿಗಿನಿಗಿ ಕೆಂಡ ನಿರಪಾಯ ಎಂದು ನಂಬುವವರು ಬಹಳ. ಹೊಗೆ ಬಂದರೆ ಎದ್ದು ಹೊರಗೆ ಓಡುತ್ತೇವೆ, ಇಲ್ಲಿ ಎದ್ದು ಓಡಲು ಯಾವ ಸೂಚನೆಯೂ ಸಿಗುವುದಿಲ್ಲ. ಹೋಮ್‌ಸ್ಟೇ ನಡೆಸುವವರು ಬಂದವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು ಎಂದು ನನ್ನ ಕೋರಿಕೆ.

ಜನವರಿಯಲ್ಲಿ ಸಂಕ್ರಾಂತಿಯ ರಜಕ್ಕೆ ಮಕ್ಕಳು ಮತ್ತೆ ಬಂದರು. ಈ ಸಲ ಸೀಮೆಎಣ್ಣೆ ಇಲ್ಲ. ಚಿಕ್ಕಪ್ಪ ಹಳೆಯ ಎಣ್ಣೆ ಡಬ್ಬದ ಎರಡೂ ಬದಿ ಕತ್ತರಿಸಿ, ಬುಡದ ಸುತ್ತ ಮೊಳೆಯಿಂದ ತೂತು ಹೊಡೆದು, ನಡುವೆ ತಂತಿ ಹಾಯಿಸಿ ಒಂದು ಕೊಳವೆ ಮಾಡಿಕೊಟ್ಟಿದ್ದರು. ಕೆಳಗೆ ಸಿಲ್ವರ್ ಓಕ್ ಚಕ್ಕೆ, ಒಣಗಿದ ತೆಂಗಿನ ನಾರು, ಮೇಲೆ ಇದ್ದಿಲು. ಕೆಳಗೆ ಕಡ್ಡಿ ಗೀರಿದರೆ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ತೂತುಗಳಿಂದ ಹೊಸ ಗಾಳಿ ನುಗ್ಗುತ್ತದೆ, ಬೆಂಕಿ ತನಗೆ ತಾನೇ ಊದಿಕೊಳ್ಳುತ್ತದೆ. ಇಪ್ಪತ್ತು ನಿಮಿಷದಲ್ಲಿ ಮೇಲಿನ ತುಂಡುಗಳಿಗೂ ಬೂದಿ ಹತ್ತಿತ್ತು. ಡ್ರಮ್ಮಿನ ಅರ್ಧಕ್ಕೆ ಮಾತ್ರ ಕೆಂಡ ಸುರಿದು, ಇನ್ನರ್ಧ ಖಾಲಿ ಬಿಟ್ಟೆ.

ಜಾಲರಿಯನ್ನು ಎತ್ತರಕ್ಕೆ ಏರಿಸಿದರೆ ಕಾವು ಇಳಿಯುತ್ತದೆ ಎಂಬ ನಂಬಿಕೆ ನನಗೂ ಇತ್ತು. ಇಳಿಯುತ್ತದೆ, ಆದರೆ ಅಂದುಕೊಂಡಷ್ಟಲ್ಲ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮ ಒಂದು ಚುಕ್ಕೆಯಷ್ಟು ದೀಪಕ್ಕೆ ಸರಿ. ಕೆಂಡದ ಹಾಸು ಚುಕ್ಕೆಯಲ್ಲ. ನಲವತ್ತು ಸೆಂಟಿಮೀಟರ್ ಅಗಲದ ದುಂಡು ಹಾಸಿನ ನಟ್ಟನಡುವೆ, ಹತ್ತು ಸೆಂಟಿಮೀಟರ್ ಎತ್ತರದಲ್ಲಿರುವ ತುಂಡಿಗೆ ಮುಟ್ಟುವ ಕಿರಣ 80 ಪಾಲು ಎಂದಿಟ್ಟುಕೊಂಡರೆ, ಇಪ್ಪತ್ತು ಸೆಂಟಿಮೀಟರಿಗೆ ಏರಿಸಿದರೂ 50 ಪಾಲು ಉಳಿದಿರುತ್ತದೆ. ಕಾವು ತಗ್ಗಬೇಕೆಂದರೆ ಮೇಲಕ್ಕೆ ಎತ್ತುವುದಕ್ಕಿಂತ ಪಕ್ಕಕ್ಕೆ ಸರಿಸುವುದು ಲೇಸು. ಖಾಲಿ ಬಿಟ್ಟ ಅರ್ಧ ಅದಕ್ಕೇ.

"ಕಾವು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ ದೊಡ್ಡಮ್ಮಾ?" ಎಂದಳು ಚಿಕ್ಕವಳು. ಅಜ್ಜಿ ಮಾಡುತ್ತಿದ್ದ ಹಾಗೆ ಅಂಗೈ ಚಾಚಿ ತೋರಿಸಿದೆ. ಜಾಲರಿಯಿಂದ ಅರ್ಧ ಗೇಣು ಮೇಲೆ ಅಂಗೈ ಹಿಡಿದು ಎಣಿಸಬೇಕು. ಎರಡಕ್ಕೇ ಕೈ ಎಳೆದುಕೊಳ್ಳಬೇಕಾದರೆ ಕಾವು ಜೋರು, ತೆಳು ಮೀನಿಗೆ ಸರಿ. ನಾಲ್ಕೈದು ಎಣಿಸಲು ಆದರೆ ಕೋಳಿಗೆ ಹದ. ಎಂಟು ದಾಟಿದರೆ ಬೂದಿ ಕೊಡವಬೇಕು. ಅವಳು ಪುಟ್ಟ ಕೈ ಚಾಚಿ, ಕಣ್ಣು ಮುಚ್ಚಿ ಎಣಿಸಿದಳು. ಬೂದಿಯ ಅಡಿಯ ಕೆಂಪು ಅವಳ ಬೆರಳ ಸಂದಿನಲ್ಲಿ ಕಾಣುತ್ತಿತ್ತು. ಒಂದು, ಎರಡು, ಮೂರು, ನಾಲ್ಕು, ಅಮ್ಮಾ ಎಂದು ಕೈ ಎಳೆದುಕೊಂಡಳು.

ಒಂದು ಗಂಟೆ ಮುಂಚೆಯೇ ಉಪ್ಪು ಹಚ್ಚಿ, ಗೀರಿ, ಒರೆಸಿಟ್ಟ ತುಂಡುಗಳನ್ನು ಮೊದಲು ಖಾಲಿ ಬದಿಗೆ ಇಟ್ಟು ಮೇಲೊಂದು ಅಗಲ ಪಾತ್ರೆ ಕವುಚಿದೆ. ಅರ್ಧ ಗಂಟೆ ಅಲ್ಲೇ ಬೆಂದವು. ಮೂಳೆಯ ಪಕ್ಕ ಕಡ್ಡಿ ಥರ್ಮಾಮೀಟರ್ ಚುಚ್ಚಿ ನೋಡಿದೆ, 71. ಆಮೇಲೆ ಕೆಂಡದ ನೆತ್ತಿಗೆ ತಂದು ಒಂದೊಂದು ಮಗ್ಗುಲಿಗೂ ಎರಡೆರಡು ನಿಮಿಷ. ಚರ್ಮ ಚಟಪಟ ಅಂದು ಹೊಂಬಣ್ಣಕ್ಕೆ ತಿರುಗಿತು. ಇಳಿಸಿ ಐದು ನಿಮಿಷ ಬಿಟ್ಟು ಮತ್ತೆ ಚುಚ್ಚಿದರೆ 77 ಇತ್ತು, ಹೊರಗಿನ ಬಿಸಿ ಒಳಕ್ಕೆ ಇಳಿಯುವುದು ಬೆಂಕಿಯಿಂದ ತೆಗೆದ ಮೇಲೂ ನಿಂತಿರಲಿಲ್ಲ. ಕೋಳಿಗೆ 74 ದಾಟಿದರೆ ಭಯವಿಲ್ಲ. ಚಿಕ್ಕವಳು ಕಚ್ಚಿದಳು, ಈ ಸಲ ನನ್ನ ಮುಖ ನೋಡಲಿಲ್ಲ, ಇನ್ನೊಂದು ಸಲ ಕಚ್ಚಿದಳು.

ಊಟವಾದ ಮೇಲೂ ಕೆಂಡ ಉಳಿದಿತ್ತು. ಚಿಕ್ಕಪ್ಪ ನಾಲ್ಕು ಗೆಣಸು ತಂದು ಅದರ ಪಕ್ಕಕ್ಕೆ ತಳ್ಳಿ, ಎಲ್ಲದರ ಮೇಲೂ ದಪ್ಪಕ್ಕೆ ಬೂದಿ ಮುಚ್ಚಿದರು. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದಾಗ ಕಣದ ತುಂಬ ಮಂಜು, ಡ್ರಮ್ಮಿನ ತಗಡು ಮುಟ್ಟಿದರೆ ಬರೀ ತಣ್ಣಗೆ. ಅಮ್ಮ ಒಂದು ಕಡ್ಡಿಯಿಂದ ಬೂದಿ ಕೆದಕಿದರು. ಗೆಣಸು ಮೆತ್ತಗೆ ಬೆಂದು ಸಿಪ್ಪೆ ಸುಕ್ಕಾಗಿತ್ತು. ಅದರಡಿಯಲ್ಲಿ ಅಡಿಕೆಯಷ್ಟು ಗಾತ್ರದ ಮೂರು ಕೆಂಡ ಇನ್ನೂ ಕೆಂಪಗಿದ್ದವು. ಅಮ್ಮ ಅವನ್ನು ತೆಂಗಿನ ಚಿಪ್ಪಿಗೆ ಎತ್ತಿಕೊಂಡು, ಮೆಲ್ಲಗೆ ಊದುತ್ತಾ, ಮಕ್ಕಳ ಸ್ನಾನಕ್ಕೆ ಹಂಡೆ ಒಲೆ ಹೊತ್ತಿಸಲು ಬಚ್ಚಲ ಕಡೆ ಹೋದರು.